ಒಂಬತ್ತನೇ ಕುರಿ

ತಕ್ಕಡಿ ವೀರಬಸಪ್ಪನವರ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ವಿನಯಕ್ಕೆ ಹೇಳುತ್ತಿರುವ ಮಾತಲ್ಲ ಇದು, ಮುಂದೆ ಓದಿದರೆ ನೀವೇ ಒಪ್ಪುತ್ತೀರಿ. ಆದರೆ ಬೇರೆ ಯಾರೂ ಬರೆಯುವ ಹಾಗೆ ಕಾಣುವುದಿಲ್ಲ. ನಾನು ಚನ್ನೇಶ್, ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ಖಾಸಗಿ ಬಸ್ಸಿನ ಕಂಡಕ್ಟರ್. ಬೆಳಿಗ್ಗೆ ಒಂಬತ್ತು ಹತ್ತಕ್ಕೆ ಬಿಡುತ್ತೇವೆ, ಸೊರಬದಲ್ಲಿ ಎರಡು ತಾಸು ನಿಲ್ಲುತ್ತೇವೆ, ಮಧ್ಯಾಹ್ನ ವಾಪಸ್ಸು. ಆ ಎರಡು ತಾಸು ಬೇರೆ ಕಂಡಕ್ಟರುಗಳು ಹಿಂದಿನ ಸೀಟಿನಲ್ಲಿ ಉದ್ದಕ್ಕೆ ಮಲಗುತ್ತಾರೆ. ನಾನು ಮೊಬೈಲಿನಲ್ಲಿ ಬೆರಳಿನಿಂದಲೇ ಚಿತ್ರ ಬಿಡಿಸಿ, ಮಾತು ತುಂಬಿ, ಚಿತ್ರಕಥೆ ಬರೆಯುತ್ತಿದ್ದೆ. ನಾನೂ ಮಲಗಿದ್ದರೆ ಚೆನ್ನಾಗಿತ್ತು.

ವೀರಬಸಪ್ಪನವರು ಹುಟ್ಟಿದ್ದು ಬಳ್ಳಿಗಾವಿಯ ರೈತರ ಮನೆಯಲ್ಲಿ. ಅಣ್ಣಂದಿರು ಮೂವರು ಹೊಲ ನೋಡಿಕೊಂಡರು. ಇವರು ಸೋದರಮಾವನ ಬೆನ್ನು ಹತ್ತಿ ತಕ್ಕಡಿ ರಿಪೇರಿ ಕಲಿತರು. ತೂಕದ ಕಲ್ಲು ಸವೆದಿದ್ದರೆ ಅಡಿಯ ತೂತಿಗೆ ಸೀಸ ಹೊಯ್ದು ಸರಿಮಾಡುವುದು, ಮುಳ್ಳು ವಾಲಿದ್ದರೆ ನೆಟ್ಟಗೆ ನಿಲ್ಲಿಸುವುದು, ಇದೇ ಕೆಲಸ. ಶಿಕಾರಿಪುರ, ಶಿರಾಳಕೊಪ್ಪ, ಸೊರಬದ ಮಂಡಿಗಳಲ್ಲಿ ಅವರ ಕೈ ಸೋಕದ ತಕ್ಕಡಿ ಇರಲಿಲ್ಲ ಎಂದು ಹಳಬರು ಈಗಲೂ ಹೇಳುತ್ತಾರೆ. ಒಮ್ಮೆ ಒಬ್ಬ ವ್ಯಾಪಾರಿ, ಮುಳ್ಳು ಒಂದು ಕೂದಲೆಳೆ ಆಚೆಗಿದ್ದರೆ ಏನೂ ಆಗುವುದಿಲ್ಲ ಎಂದು ಮೆಲ್ಲಗೆ ಹೇಳಿದನಂತೆ. ಇವರು ತಕ್ಕಡಿಯನ್ನು ಗೋಣಿಚೀಲದಲ್ಲಿ ಸುತ್ತಿ ವಾಪಸ್ಸು ಕೊಟ್ಟು, "ತಕ್ಕಡಿಗೇನೂ ಆಗಿಲ್ರೀ. ರಿಪೇರಿ ಬೇಕಾಗಿರೋದು ನಿಮಗೆ, ಅದು ನನ್ನ ಕೈಲಿ ಆಗಂಗಿಲ್ಲ" ಎಂದರಂತೆ. ಆ ವ್ಯಾಪಾರಿ ಆಮೇಲೆ ಹತ್ತು ವರ್ಷ ಇವರಿಗೆ ಕೆಲಸ ಕೊಡಲಿಲ್ಲ. ಇವರು ಕೇಳಲೂ ಇಲ್ಲ.

ಇಂಥ ಮನುಷ್ಯನಿಗೆ ಇದ್ದ ಚಟ ಒಂದೇ, ಹುಲಿ-ಕುರಿ ಆಟ. ನಿಮಗೆ ಗೊತ್ತಿರಬಹುದು. ಗೆರೆ ಎಳೆದ ಮನೆಯಲ್ಲಿ ಇಪ್ಪತ್ಮೂರು ಬಿಂದು, ಒಂದು ಕಡೆ ಮೂರು ಹುಲಿ, ಇನ್ನೊಂದು ಕಡೆ ಹದಿನೈದು ಕುರಿ. ಹುಲಿ ಕುರಿಯ ಮೇಲೆ ಹಾರಿ ಆಚೆ ಬದಿಯ ಖಾಲಿ ಬಿಂದುವಿಗೆ ಇಳಿದರೆ ಆ ಕುರಿ ಸತ್ತಿತು. ಕುರಿಗಳೆಲ್ಲ ಸೇರಿ ಹುಲಿಗಳು ಮಿಸುಕದ ಹಾಗೆ ಕಟ್ಟಿಹಾಕಿದರೆ ಕುರಿ ಗೆದ್ದಿತು. ನೋಡುವುದಕ್ಕೆ ಮಕ್ಕಳಾಟ, ಆಡಲು ಕೂತರೆ ಯುದ್ಧ. ವೀರಬಸಪ್ಪನವರು ಯಾವಾಗಲೂ ಕುರಿ. ಅವರ ಹುಲಿ ಸೊರಬದಲ್ಲಿತ್ತು.

ಅದು ಗಣಪಯ್ಯನವರು. ಊರು ಕುಬಟೂರು, ಮನೆ ಸೊರಬ ಬಸ್‌ಸ್ಟ್ಯಾಂಡಿನ ಹಿಂದೆ. ಭೂಮಾಪನ ಇಲಾಖೆಯಲ್ಲಿ ಸರ್ವೆ ಕೆಲಸ ಮಾಡಿ ನಿವೃತ್ತರಾದವರು. ಒಬ್ಬರು ತೂಕದವರು, ಇನ್ನೊಬ್ಬರು ಅಳತೆಯವರು, ಇಬ್ಬರಿಗೂ ಒಂದು ಕೂದಲೆಳೆ ಆಚೀಚೆ ಆದರೆ ನಿದ್ದೆ ಬರುವುದಿಲ್ಲ. ಸಂತೆಯ ದಿನ ವೀರಬಸಪ್ಪನವರು ಸೊರಬಕ್ಕೆ ಹೋದಾಗ, ಕೆಲಸ ಮುಗಿಸಿ, ಬಸ್‌ಸ್ಟ್ಯಾಂಡ್ ಪಕ್ಕದ ಕಟ್ಟೆಯ ಚಪ್ಪಡಿಯ ಮೇಲೆ ಇಬ್ಬರೂ ಆಡುತ್ತಿದ್ದರು. ಇಪ್ಪತ್ತು ವರ್ಷ ಹೀಗೆ ನಡೆಯಿತು. ಆಮೇಲೆ ವೀರಬಸಪ್ಪನವರ ಮೊಣಕಾಲು ಕೈಕೊಟ್ಟಿತು. ಬಸ್ಸಿನ ಮೆಟ್ಟಿಲು ಹತ್ತುವುದು ನಿಂತಿತು.

ಫೋನಿನಲ್ಲಿ ಆಡಿ ನೋಡಿದರು. ನಾಲ್ಕೇ ದಿನ. ಗಣಪಯ್ಯನವರಿಗೆ ಕಿವಿ ಮಂದ, ಒಂದು ನಡೆ ಹೇಳಲು ಓಣಿಗೆಲ್ಲ ಕೇಳುವ ಹಾಗೆ ಕೂಗಬೇಕು. "ಅದೂ ಅಲ್ಲದೆ ಉಸಿರು ಕೇಳಿದ್ರೆ ಮನಸ್ನಾಗೆ ಏನೈತೆ ಅಂತ ಗೊತ್ತಾಗಿಬಿಡ್ತೈತೆ. ಅದು ಆಟ ಅಲ್ಲ" ಎಂದರು ವೀರಬಸಪ್ಪನವರು. ಕೊನೆಗೆ ಚೀಟಿಗೆ ಬಂದು ನಿಂತರು. ಬೆಳಿಗ್ಗೆ ಬಸ್ಸು ಶಿಕಾರಿಪುರದ ಬಸ್‌ಸ್ಟ್ಯಾಂಡ್ ಬಿಟ್ಟು, ಅವರ ಮನೆಗೇ ಅಂಟಿಕೊಂಡ ಅಂಗಡಿ ಮುಂದೆ ನಿಧಾನ ಆದಾಗ ಅವರು ಜೇಬಿನಿಂದ ಮಡಿಸಿದ ಚೀಟಿ ತೆಗೆದು ನನಗೆ ಕೊಡುವುದು, ನಾನು ಸೊರಬದಲ್ಲಿ ಗಣಪಯ್ಯನವರಿಗೆ ಮುಟ್ಟಿಸುವುದು, ಅವರ ಉತ್ತರವನ್ನು ಮಧ್ಯಾಹ್ನ ತರುವುದು. ಬಿಂದುಗಳಿಗೆ ಒಂದರಿಂದ ಇಪ್ಪತ್ಮೂರರವರೆಗೆ ಅಂಕಿ ಕೊಟ್ಟುಕೊಂಡಿದ್ದರು. ದಿನಕ್ಕೊಂದು ನಡೆ. ಒಂದು ಆಟಕ್ಕೆ ಎರಡು ತಿಂಗಳು. ಇಬ್ಬರ ಮನೆಯಲ್ಲೂ ಒಂದೊಂದು ಹಲಗೆ. ಗಣಪಯ್ಯನವರದು ಅಡಿಕೆ ಹುಲಿ, ಹುಣಸೆಬೀಜದ ಕುರಿ, ಇವರದು ತೂಕದ ಹಿತ್ತಾಳೆ ಬಟ್ಟುಗಳು. ನಿಯಮ ಒಂದೇ ಇತ್ತು. ಬರೆದದ್ದು ಬರೆದ ಹಾಗೆ, ತಿದ್ದಿದ ಚೀಟಿ ನಡೆಯುವುದಿಲ್ಲ. ತಿದ್ದಿದರೆ ಆ ದಿನದ ನಡೆ ಹೋಯಿತು. ಹೀಗೆ ನಾಲ್ಕು ವರ್ಷ ನನ್ನ ಕೈಯಲ್ಲಿ ಅವರ ಚೀಟಿಗಳು ಓಡಾಡಿದವು. ಒಂದು ದಿನವೂ ತಪ್ಪಿಸಲಿಲ್ಲ. ಅಷ್ಟು ಮಟ್ಟಿಗೆ ನಾನೂ ಒಳ್ಳೆಯವನೇ ಇದ್ದೆ.

ಚೀಟಿ ಓದಬಾರದು ಎಂದು ಯಾರೂ ಹೇಳಿರಲಿಲ್ಲ, ಹಾಗಾಗಿ ಓದುತ್ತಿದ್ದೆ. ಓದುತ್ತ ಓದುತ್ತ ನನಗೊಂದು ಕಥೆ ಹೊಳೆಯಿತು. ಹಗಲಿಡೀ ಮೊಬೈಲಿನಲ್ಲಿ ಬಂದೂಕಿನ ಆಟ ಆಡುವ ಒಬ್ಬ ಸೋಮಾರಿ. ಅವನು ಬಸ್ಸು ಕಾಯುತ್ತ ಕಟ್ಟೆಯ ಮೇಲೆ ಹುಲಿ-ಕುರಿ ಗೆರೆಗಳ ಮೇಲೇ ಕೂತು ಆಡುತ್ತಿರುತ್ತಾನೆ, ಚಪ್ಪಡಿ ಅವನನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಕಣ್ಣು ಬಿಟ್ಟರೆ ಅವನು ಒಂಬತ್ತನೇ ಕುರಿ. ಬಂದೂಕಿಲ್ಲ, ಮೂರು ಜೀವವಿಲ್ಲ, ಎದುರಿಗೆ ಹುಲಿ. ನನ್ನ ಹುಲಿಗಳು ಕಚೇರಿಯ ಗುಮಾಸ್ತರ ಹಾಗೆ ಮಾತಾಡುತ್ತಿದ್ದವು, "ಇವತ್ತು ಆಗಲ್ಲ, ನಾಳೆ ಬನ್ನಿ, ತಿಂತೀವಿ". ಕುರಿಗಳು ಕಿಟಕಿ ಸೀಟಿಗಾಗಿ ಜಗಳ ಆಡುತ್ತಿದ್ದವು. ಇದನ್ನು ಕಂಡುಹಿಡಿಯಲು ನಾನು ಹೆಚ್ಚು ದೂರ ಹೋಗಬೇಕಾಗಿರಲಿಲ್ಲ. ಅವತ್ತಿನ ಚೀಟಿಯಲ್ಲಿ ಯಾವ ನಡೆ ಇತ್ತೋ ಚಿತ್ರದಲ್ಲೂ ಅದೇ ನಡೆ. ವಾರಕ್ಕೆ ಮೂರು ಕಂತು ಇಂಟರ್‌ನೆಟ್ಟಿಗೆ ಹಾಕುತ್ತಿದ್ದೆ. ಹನ್ನೊಂದು ಸಾವಿರ ಜನ ಓದುತ್ತಿದ್ದರು. ಬಸ್ಸಿನಲ್ಲಿ ಕಾಲೇಜಿನ ಹುಡುಗಿಯರು ಟಿಕೆಟ್ ತೊಗೊಳ್ಳುವಾಗ, "ಒಂಬತ್ತು ಇವತ್ತು ಎಲ್ಲಿದಾನೆ ಅಣ್ಣ?" ಎಂದು ಕೇಳುತ್ತಿದ್ದರು. ನಾನು ಉಬ್ಬಿಹೋದೆ. ಉಬ್ಬಿದ್ದು ಒಡೆಯದೆ ಇರುತ್ತದೆಯೇ?

ಒಂದು ಮಧ್ಯಾಹ್ನ ಗಣಪಯ್ಯನವರ ಚೀಟಿ ಬಿಚ್ಚಿದೆ. "ಹುಲಿ ಎಂಟರಿಂದ ಹದಿನಾರಕ್ಕೆ. ಹನ್ನೆರಡರ ಕುರಿ ಬಿತ್ತು." ಹನ್ನೆರಡರಲ್ಲಿದ್ದದ್ದು ನನ್ನ ಒಂಬತ್ತು.

ಹಿಂದಿನ ದಿನವಷ್ಟೇ ಅವನನ್ನು ಹುಲಿಯ ಮುಂದೆ ನಿಲ್ಲಿಸಿ ಕಂತು ಮುಗಿಸಿದ್ದೆ. ಒಂಬತ್ತನ್ನು ಕೊಲ್ಲಬೇಡಿ ಎಂದು ನೂರಾರು ಜನ ಬರೆದಿದ್ದರು. ದಾವಣಗೆರೆಯಲ್ಲಿ ಚಿತ್ರ ಬರೆಯುವ ಹುಡುಗರೆಲ್ಲ ಸೇರುವ ಒಂದು ಕೂಟಕ್ಕೆ, ಒಂಬತ್ತನೇ ಕುರಿಯ ಬಗ್ಗೆ ಮಾತಾಡಿ ಎಂದು ನನಗೆ ಕರೆ ಬಂದಿತ್ತು. ಸತ್ತ ಕುರಿಯ ಬಗ್ಗೆ ಹೋಗಿ ಏನು ಮಾತಾಡಲಿ? ಬಸ್ಸು ಹೊರಡಲು ಹತ್ತು ನಿಮಿಷ ಇತ್ತು. ಚೀಲದಿಂದ ಖಾಲಿ ಹಾಳೆ ತೆಗೆದೆ. ಗಣಪಯ್ಯನವರ ಅಕ್ಷರ, ಅವರು 'ಹ'ಕ್ಕೆ ಕೊಡುವ ಉದ್ದ ಬಾಲ, ಎಲ್ಲ ನಾಲ್ಕು ವರ್ಷದಿಂದ ಕಂಡದ್ದೇ. ಚಿತ್ರ ಬರೆಯುವ ಕೈಗೆ ಅದೇನು ಕಷ್ಟ? "ಹುಲಿ ಎಂಟರಿಂದ ಏಳಕ್ಕೆ" ಎಂದು ಬರೆದೆ. ಒರಿಜಿನಲ್ ಚೀಟಿಯನ್ನು ಟಿಕೆಟ್ ಚೀಲದ ಒಳಜೇಬಿಗೆ ಹಾಕಿದೆ. ಹರಿದು ಬಿಸಾಡಲು ಕೈ ಬರಲಿಲ್ಲ, ಯಾಕೋ ಗೊತ್ತಿಲ್ಲ.

ಒಂದು ದಿನದ ಮಾತು, ಆಮೇಲೆ ಹೇಗೋ ಸರಿಹೋಗುತ್ತದೆ ಎಂದುಕೊಂಡಿದ್ದೆ. ಮೂರ್ಖನಿಗೆ ಹೊಳೆಯುವುದೇ ಅಷ್ಟು. ಮಾರನೇ ದಿನ ವೀರಬಸಪ್ಪನವರ ಚೀಟಿ ಬಂತು. ಅದು ಅವರ ಹಲಗೆಗೆ ಸರಿ, ಗಣಪಯ್ಯನವರ ಹಲಗೆಗೆ ಸರಿಯಿಲ್ಲ. ಅದನ್ನೂ ಬದಲಿಸಿದೆ. ಅದಕ್ಕೆ ಬಂದ ಉತ್ತರವನ್ನೂ ಬದಲಿಸಿದೆ. ಹನ್ನೊಂದು ದಿನ ಹೀಗೇ ನಡೆಯಿತು. ಟಿಕೆಟ್ ಪುಸ್ತಕದ ಹಿಂದೆ ಎರಡು ಹಲಗೆ ಗೀಚಿಕೊಂಡು, ಶಿರಾಳಕೊಪ್ಪದಲ್ಲಿ ಹತ್ತುವವರಿಗೆ ಟಿಕೆಟ್ ಹರಿಯುತ್ತ, ಎರಡು ಯುದ್ಧ ನಡೆಸಿದೆ. ಆ ಹನ್ನೊಂದು ದಿನ ಆ ಇಬ್ಬರು ಮುದುಕರು ಒಬ್ಬರ ಜೊತೆ ಒಬ್ಬರು ಆಡಲೇ ಇಲ್ಲ, ನನ್ನ ಜೊತೆ ಆಡಿದರು. ನಾನು ಕೆಟ್ಟದಾಗಿ ಆಡಿದೆ. ಗಣಪಯ್ಯನವರು ಒಂದು ದಿನ ಚೀಟಿ ಓದಿ ಕನ್ನಡಕ ತೆಗೆದು, "ಎಂತ ಮಾರಾಯ, ವೀರಬಸಪ್ಪನವರಿಗೆ ಹುಷಾರಿಲ್ವ? ಇಂತ ನಡೆ ನಡೆಸೋರಲ್ಲ ಅವರು" ಎಂದು ಕೇಳಿದರು. "ಆರಾಮಿದಾರೆ ಸಾರ್" ಎಂದೆ. ಅವತ್ತು ಅವರು ಮನೆಯಿಂದ ಒಂದು ಸೀಸೆ ಜೋನಿಬೆಲ್ಲ ತಂದು, ಅವರಿಗೆ ಕೊಡು ಎಂದು ನನ್ನ ಕೈಗಿಟ್ಟರು.

ಹನ್ನೆರಡನೇ ದಿನ ನಾನು ದಾವಣಗೆರೆಗೆ ಹೋದೆ. ಮೈಕ್ ಹಿಡಿದು, ನನ್ನ ಕಥೆ ಜೀವನದಿಂದ ಬಂದದ್ದು ಎಂದು ಭಾಷಣ ಮಾಡಿದೆ. ಚಪ್ಪಾಳೆ ಹೊಡೆದರು. ಅದೇ ಹೊತ್ತಿಗೆ ನನ್ನ ಬದಲಿಗೆ ಬಸ್ಸಿಗೆ ಬಂದಿದ್ದ ಈಶ್ವರ್, ಪಾಪ, ಪ್ರಾಮಾಣಿಕನಾಗಿ ವೀರಬಸಪ್ಪನವರ ನಿಜವಾದ ಚೀಟಿಯನ್ನು ಒಯ್ದು ಗಣಪಯ್ಯನವರಿಗೆ ಕೊಟ್ಟಿದ್ದ. "ಕುರಿ ಹನ್ನೆರಡರಿಂದ ಹದಿಮೂರಕ್ಕೆ." ಗಣಪಯ್ಯನವರ ಲೆಕ್ಕದಲ್ಲಿ ಹನ್ನೆರಡರ ಕುರಿ ಸತ್ತು ಹನ್ನೊಂದು ದಿನ ಆಗಿತ್ತು. ಅವರು ಉತ್ತರ ಬರೆದು ಕಳಿಸಿದರು. "ಸತ್ತ ಕುರಿ ನಡೆಯುವುದಿಲ್ಲ. ಸೋಲು ಕಂಡಾಗ ಇಂಥ ಕೆಲಸಕ್ಕೆ ನೀವು ಇಳಿಯುತ್ತೀರಿ ಎಂದು ತಿಳಿದಿರಲಿಲ್ಲ."

ಮಾರನೇ ದಿನ ವೀರಬಸಪ್ಪನವರು ಆ ಚೀಟಿ ಹಿಡಿದುಕೊಂಡೇ ಅಂಗಡಿ ಮುಂದೆ ನಿಂತಿದ್ದರು. ಅವರು ಬಂದ ಚೀಟಿಗಳನ್ನೆಲ್ಲ ತಂತಿಗೆ ಚುಚ್ಚಿ ಇಡುವವರು. ಹುಲಿ ಎಂಟರಿಂದ ಏಳಕ್ಕೆ ಹೋದದ್ದು ಗಣಪಯ್ಯನವರದೇ ಅಕ್ಷರದಲ್ಲಿ ಅಲ್ಲಿತ್ತು. ಅವರು ಒಂದು ಕಾಗದ ಬರೆದಿದ್ದರು. "ನಿಮ್ಮ ಕೈಬರಹ ನನ್ನ ಹತ್ತಿರ ಇದೆ. ದಯಮಾಡಿ ನಿಮ್ಮ ಹಲಗೆ ಇನ್ನೊಮ್ಮೆ ನೋಡಿ." ನನ್ನ ಕೈಗೆ ಕೊಟ್ಟು, "ಇವತ್ತು ಉತ್ತರ ತಗಂಡೇ ಬಾರಪ್ಪ" ಎಂದರು.

ನಾನು ಕೊಡಲಿಲ್ಲ. ಕೊಟ್ಟಿದ್ದರೆ ಗಣಪಯ್ಯನವರು ಆ ಕೈಬರಹ ತೋರಿಸಿ ಎನ್ನುತ್ತಿದ್ದರು, ಅಲ್ಲಿಗೆ ನನ್ನ ಬಣ್ಣ ಬಯಲು. ಕಾಗದ ಒಳಜೇಬಿಗೆ ಹೋಯಿತು. ಮಧ್ಯಾಹ್ನ ಅವರು ಕಾಯುತ್ತಿದ್ದರು.

"ಕೊಟ್ಯೇನಪ್ಪ?"

"ಕೊಟ್ಟೆ ಅಜ್ಜ."

"ಏನಂದ್ರು?"

"ಏನೂ ಅನ್ಲಿಲ್ಲ."

ಅವರು ತಲೆಯಾಡಿಸಿ ಒಳಗೆ ಹೋದರು. ಆ ನಡಿಗೆ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಚೀಟಿ ನಿಂತಿತು. ಇಂಥ ಮಾತನ್ನು ಫೋನಿನಲ್ಲಿ ಓಣಿಗೆಲ್ಲ ಕೇಳುವ ಹಾಗೆ ಕೂಗಾಡುವವರಲ್ಲ ಅವರು. ಗಣಪಯ್ಯನವರು ಉತ್ತರವಿಲ್ಲದ್ದನ್ನು ಕಂಡು, ತಪ್ಪು ಮಾಡಿದವರು ಏನು ಉತ್ತರ ಕೊಡುತ್ತಾರೆ ಎಂದುಕೊಂಡರು. ಇವರು, ಗೆಳೆಯ ಸುಳ್ಳು ಹೇಳಿ ಬಾಯಿ ಮುಚ್ಚಿಕೊಂಡ ಎಂದುಕೊಂಡರು. ನಾನು ದಿನಾ ಇಬ್ಬರ ಮುಖವನ್ನೂ ನೋಡಿಕೊಂಡು ಓಡಾಡಿದೆ. ಬಸ್ಸಿನಲ್ಲಿ ಯಾರಾದರೂ "ಕಳ್ಳ" ಎಂದು ಬೇರೆ ಯಾರನ್ನೋ ಬೈದರೂ ತಿರುಗಿ ನೋಡುತ್ತಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನನ್ನ ಹೆಗಲು ಆ ದಿನಗಳಲ್ಲಿ ಸವೆದೇ ಹೋಯಿತು.

ಹದಿನೈದು ದಿನದ ಮೇಲೆ ವೀರಬಸಪ್ಪನವರ ಹೆಂಡತಿ ಮಹಾದೇವಮ್ಮ ಬಸ್ಸಿನ ಹತ್ತಿರ ಬಂದರು. "ಏ ಚನ್ನೇಶಿ, ಒಳಗ್ ಬಂದು ಒಂದ್ಮಾತು ಆಡ್ಸಿ ಹೋಗಪ್ಪ. ಯಾರೋ ರಿಪೇರಿಗೆ ತಕ್ಕಡಿ ತಂದಿದ್ರು, ವಾಪಸ್ ಕಳ್ಸಿದ್ರು. ನನ್ನ ತೂಕ ನಂಬ್ತೀರೇನ್ರೀ ಅಂತ ಕೇಳ್ತಾರೆ ಬಂದೋರ್ನ. ರೊಟ್ಟಿ ಅರ್ಧ ತಿಂದು ಎದ್ದುಬಿಡ್ತಾರೆ."

ಡ್ರೈವರಿಗೆ ಐದು ನಿಮಿಷ ಹೇಳಿ ಒಳಗೆ ಹೋದೆ. ವೀರಬಸಪ್ಪನವರು ಹಲಗೆಯ ಮುಂದೆ ಕೂತಿದ್ದರು. ಬಟ್ಟುಗಳು ನಿಂತಲ್ಲೇ ನಿಂತಿದ್ದವು, ಒಂಬತ್ತನೇ ಕುರಿಯೂ ಸೇರಿ.

"ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಕಣಪ್ಪ" ಎಂದರು. "ಆಟಕ್ಕೆ ಹೋಯ್ತು ನಂದು. ನಾಲ್ಕು ವರ್ಷ ಚೀಟಿ ಒಯ್ದೋನು ನೀನು. ನೀನೊಬ್ನೇ ಸಾಕ್ಷಿ. ನಿಜ ಹೇಳು, ನಾನು ಮೋಸ ಮಾಡೋನು ಅನಿಸ್ತೈತೇನು ನಿಂಗೆ?"

"ಇಲ್ಲಜ್ಜ" ಎಂದೆ. ಅಷ್ಟು ಹೇಳಿ ಹೊರಗೆ ಬಂದು ರೈಟ್ ಎಂದೆ. ಅವತ್ತು ಆ ಬಸ್ಸು ನನ್ನ ಮೇಲೆ ಹರಿದಿದ್ದರೂ ತಪ್ಪಿರಲಿಲ್ಲ.

ಎದುರಿಗೆ ಹೇಳುವ ಧೈರ್ಯವಿಲ್ಲದೆ ಚಿತ್ರದಲ್ಲಿ ಹೇಳಿದೆ. ಹುಲಿ-ಕುರಿ ಲೋಕಕ್ಕೆ ಒಬ್ಬ ಕಂಡಕ್ಟರ್ ಬರುತ್ತಾನೆ, ಚೀಟಿ ಬದಲಿಸುತ್ತಾನೆ, ಕೊನೆಗೆ ಕೈಮುಗಿದು ತಪ್ಪಾಯಿತು ಎನ್ನುತ್ತಾನೆ. ಓದುಗರಿಗೆ ಬಹಳ ಹಿಡಿಸಿತು. ಕ್ಷಮಿಸಿದೆವು ಎಂದು ಸಾವಿರಾರು ಜನ ಬರೆದರು. ಕ್ಷಮಿಸಬೇಕಾದ ಇಬ್ಬರ ಹತ್ತಿರ ಇದ್ದದ್ದು ಗುಂಡಿ ಒತ್ತುವ ಹಳೇ ಫೋನು. ಆ ಕ್ಷಮೆಗಳನ್ನೆಲ್ಲ ಓದಿದಾಗ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಮಾರನೇ ದಿನ ರಜೆ ಹಾಕಿ ವೀರಬಸಪ್ಪನವರ ಮನೆಗೆ ಹೋದೆ. ಒಳಜೇಬಿನಲ್ಲಿದ್ದದ್ದನ್ನೆಲ್ಲ ಹಲಗೆಯ ಪಕ್ಕ ಇಟ್ಟೆ. ಗಣಪಯ್ಯನವರ ನಿಜವಾದ ಚೀಟಿ, ಹನ್ನೊಂದು ದಿನ ನಾನು ಬದಲಿಸಿ ಉಳಿಸಿಕೊಂಡಿದ್ದ ಇಬ್ಬರ ಅಸಲಿ ಚೀಟಿಗಳು, ಮುಟ್ಟಿಸದ ಕಾಗದ. ಮೊದಲಿನಿಂದ ಕೊನೆವರೆಗೆ ಹೇಳಿದೆ. ಮಹಾದೇವಮ್ಮ ಬಾಗಿಲಲ್ಲಿ ನಿಂತು ಕೇಳುತ್ತಿದ್ದವರು ಸೆರಗು ಬಾಯಿಗೆ ಹಿಡಿದುಕೊಂಡರು.

ವೀರಬಸಪ್ಪನವರು ಕನ್ನಡಕ ಹಾಕಿಕೊಂಡು ಮೊದಲ ಚೀಟಿಯನ್ನು ಓದಿದರು. ತಾರೀಖು ನೋಡಿದರು. ತಂತಿಯಿಂದ ನನ್ನ ನಕಲಿ ಚೀಟಿ ತೆಗೆದು ಪಕ್ಕದಲ್ಲಿಟ್ಟು ಎರಡನ್ನೂ ಬಹಳ ಹೊತ್ತು ನೋಡಿದರು.

"ಕೈ ಚಲೋ ಐತೆ ನಿಂದು" ಎಂದರು. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ, "ನಾಳೆ ಮುಂದಿನ ಸೀಟು ಒಂದು ಇಟ್ಟಿರು" ಎಂದರು.

ಮಾರನೇ ದಿನ ಅವರು ಚೀಟಿಗಳನ್ನು ಜೇಬಿಗಿಟ್ಟುಕೊಂಡು ಬಂದರು. ಮೂರು ಮೆಟ್ಟಿಲು ಹತ್ತಲು ಅವರಿಗೆ ಎಷ್ಟು ಹೊತ್ತು ಹಿಡಿಯಿತೋ, ಇಡೀ ಬಸ್ಸು ನೋಡುತ್ತಿತ್ತು. ನಾನು ಕೈ ಚಾಚಿದೆ. ಅವರು ಕಂಬಿ ಹಿಡಿದುಕೊಂಡರು. ಟಿಕೆಟ್ ಬೇಡ ಅಜ್ಜ ಎಂದೆ. "ಹರಿ" ಎಂದರು. ಹರಿದೆ.

ಗಣಪಯ್ಯನವರು ಕಟ್ಟೆಯ ಹತ್ತಿರ ಇವರನ್ನು ಕಂಡು ಮೊದಲು ಮುಖ ತಿರುಗಿಸಿದರು. ವೀರಬಸಪ್ಪನವರು ಚೀಟಿ ಚೀಟಿಯಾಗಿ ಚಪ್ಪಡಿಯ ಮೇಲೆ ಜೋಡಿಸಿದರು, ನನ್ನ ಕಡೆ ಬೆರಳು ತೋರಿಸಿ ಎರಡೇ ಮಾತು ಹೇಳಿದರು. ಗಣಪಯ್ಯನವರು ಓದುತ್ತ ಹೋದರು. ಮುಗಿದ ಮೇಲೆ ಅವರು ನನ್ನನ್ನು ನೋಡಲೇ ಇಲ್ಲ. ಗೆಳೆಯನಿಗೆ ಕೈಮುಗಿದರು.

"ನಾನು ಆ ಮಾತು ಬರೀಬಾರ್ದಾಗಿತ್ತು ವೀರಬಸಪ್ಪನವರೆ. ಇಪ್ಪತ್ತನಾಲ್ಕು ವರ್ಷದಲ್ಲಿ ಇಷ್ಟೂ ಗೊತ್ತಾಗ್ಲಿಲ್ಲ ನಂಗೆ."

"ನಾನೂ ನಿಮ್ಮನ್ನ ಸುಳ್ಳ ಅಂತ ತಿಳ್ಕಂಡೆ ಬಿಡ್ರಿ. ಸಮ ಆಯ್ತು. ಬರ್ರಿ, ಆಟ ಮುಗ್ಸಾಣ."

ಒಂಬತ್ತು ಸತ್ತ ದಿನ ಆಟ ಹೇಗಿತ್ತೋ ಹಾಗೇ ಚಪ್ಪಡಿಯ ಗೆರೆಗಳ ಮೇಲೆ ಜೋಡಿಸಿದರು. ಸತ್ತ ಕುರಿಯನ್ನು ಎತ್ತಿ ಪಕ್ಕಕ್ಕಿಟ್ಟರು. ಅಲ್ಲಿಂದ ಏಳನೇ ನಡೆಗೆ ಮೂರು ಹುಲಿಗಳೂ ಮಿಸುಕದ ಹಾಗೆ ಕಟ್ಟಿಬಿದ್ದವು. ಗಣಪಯ್ಯನವರು ತೊಡೆ ತಟ್ಟಿಕೊಂಡು ನಕ್ಕರು, "ಅಯ್ಯೋ ಮಾರಾಯ್ರ, ಬಲೆ ಹಾಕಿ ಕೂತಿದ್ರಲ್ಲ."

ವೀರಬಸಪ್ಪನವರು ಆಗ ನನ್ನ ಕಡೆ ತಿರುಗಿದರು. "ಆ ಕುರಿನ ತಿನ್ಲಿ ಅಂತಲೇ ಇಟ್ಟಿದ್ದೆ ಕಣಪ್ಪ. ಇಪ್ಪತ್ತು ದಿನ ಯೋಚ್ನೆ ಮಾಡಿ ಇಟ್ಟಿದ್ದೆ." ಕೋಪದಲ್ಲಿ ಹೇಳಲಿಲ್ಲ. ಅವರ ಬದುಕಿನ ಅತ್ಯುತ್ತಮ ಆಟವನ್ನು ನಾನು ಕರುಣೆಯ ಹೆಸರಿನಲ್ಲಿ ಹಾಳು ಮಾಡಿದ್ದೆ. ಕರುಣೆಯೂ ಅಲ್ಲ, ಚಪ್ಪಾಳೆಯ ಆಸೆಗೆ.

ಮುಂದಿನ ಆಟಕ್ಕೆ ಬೇರೆ ಬಸ್ಸಿನವರ ಕೈಗೆ ಕೊಟ್ಟರಾಯಿತು ಎಂದರು ಗಣಪಯ್ಯನವರು. "ಯಾರ ಕೈಗೂ ಬ್ಯಾಡ್ರಿ" ಎಂದರು ವೀರಬಸಪ್ಪನವರು. "ಅಂಟು ಹಚ್ಚಿ ಅಂಚೆಗೆ ಹಾಕಾಣ."

ಹಾಗೇ ನಡೆಯುತ್ತಿದೆ. ಕಾಗದ ಹೋಗಲು ಮೂರು ದಿನ, ಬರಲು ಮೂರು ದಿನ. ಎರಡು ತಿಂಗಳಿಗೆ ಮುಗಿಯುತ್ತಿದ್ದ ಆಟಕ್ಕೆ ಈಗ ಒಂದು ವರ್ಷ ಬೇಕು. ವೀರಬಸಪ್ಪನವರಿಗೆ ಎಪ್ಪತ್ತೊಂದು, ಗಣಪಯ್ಯನವರಿಗೆ ಎಪ್ಪತ್ನಾಲ್ಕು. ವರ್ಷಕ್ಕೆ ಆರು ಆಟ ಆಡುತ್ತಿದ್ದವರು ಅವರು. ಉಳಿದ ಐದನ್ನು ತಿಂದವನು ನಾನು, ಪ್ರತಿ ವರ್ಷವೂ ತಿನ್ನುತ್ತಲೇ ಇರುತ್ತೇನೆ.

ಚಿತ್ರಕಥೆಯಲ್ಲಿ ಒಂಬತ್ತನ್ನು ಸಾಯಿಸಿದೆ. ಓದುಗರು ಶಾಪ ಹಾಕಿದರು, ಅಲ್ಲಿಗೆ ನಿಲ್ಲಿಸಿದೆ. ವೀರಬಸಪ್ಪನವರು ತಕ್ಕಡಿ ಕೆಲಸ ಮತ್ತೆ ಶುರುಮಾಡಿದ್ದಾರೆ, ನನ್ನ ಜೊತೆ ಮಾತೂ ಆಡುತ್ತಾರೆ. ಬೆಳಿಗ್ಗೆ ಒಂಬತ್ತು ಹತ್ತಕ್ಕೆ ಬಿಟ್ಟ ಬಸ್ಸು ಅಂಗಡಿ ಮುಂದೆ ನಿಧಾನ ಆಗುತ್ತದೆ. ಅವರು ಎದ್ದು ಬಾಗಿಲಿಗೆ ಬರುತ್ತಾರೆ, ನಾಲ್ಕು ವರ್ಷದ ಅಭ್ಯಾಸಕ್ಕೆ ಕೈ ಜೇಬಿಗೆ ಹೋಗುತ್ತದೆ. ಆಮೇಲೆ ನೆನಪಾಗಿ ಅಲ್ಲೇ ನಿಲ್ಲುತ್ತದೆ. ನಾನು ಆ ಕಡೆ ನೋಡದೆ ರೈಟ್ ಎನ್ನುತ್ತೇನೆ.